ಗೊರೇಬಾಳ: ಒಂದು ಅಧ್ಯಯನ

ಸಿಂಧನೂರು ತಾಲ್ಲೂಕಿನ ಗೊರೇಬಾಳದ ಸೀಮೆಯಲ್ಲಿ ಭತ್ತ ಬಿಟ್ಟರೆ ಅತಿ ಹೆಚ್ಚು ಬೆಳೆಯುವುದು ಏನು ಎಂದು ಕೇಳಿದರೆ ಜನ ಜೋಳ, ಹತ್ತಿ, ಕಡಲೆ ಎಂದು ತಪ್ಪು ಉತ್ತರ ಕೊಡುತ್ತಾರೆ. ಸರಿಯುತ್ತರ ದತ್ತಾಂಶ. ಇದಕ್ಕೆ ಕಾಲುವೆ ನೀರು ಬೇಡ, ಯೂರಿಯಾಕ್ಕಾಗಿ ಸೊಸೈಟಿ ಮುಂದೆ ಪಾಳಿ ಹಚ್ಚಬೇಕಿಲ್ಲ, ಮಳೆ ಕೈಕೊಟ್ಟರೆ ಇಳುವರಿ ಇನ್ನೂ ಜಾಸ್ತಿ. ಬರ ಬಿದ್ದ ವರ್ಷ ಸಂಶೋಧಕರ ಬೈಕುಗಳು ಊರ ತುಂಬ.

ವಿಧಾನ ಸರಳ. ಒಂದು ಪ್ರಶ್ನಾವಳಿ, ಅದಕ್ಕೊಂದು ರಟ್ಟು, ಚಹಾದಂಗಡಿ ಮುಂದಿನ ಕಟ್ಟೆ. ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತವರೇ ಯಾದೃಚ್ಛಿಕ ಮಾದರಿ. ಇಸ್ಪೀಟು ಆಡುತ್ತಿದ್ದವರನ್ನು ಎಬ್ಬಿಸದೆ ಮಾತಾಡಿಸಿದರೆ ಅದು ಗುಂಪು ಚರ್ಚೆ. ಹೊಲಕ್ಕೆ ಹೋದವರು, ನಾಟಿ ಗದ್ದೆಯಲ್ಲಿ ಬಗ್ಗಿದ ಹೆಂಗಸರು, ಬೆಂಗಳೂರಿಗೆ ಗುಳೆ ಹೋದ ಮನೆಯವರು ಕೈಗೆ ಸಿಗುವುದಿಲ್ಲವಾದ್ದರಿಂದ ಅವರನ್ನೆಲ್ಲ 'ಅಧ್ಯಯನದ ಇತಿಮಿತಿಗಳು' ಎಂಬ ಭಾಗಕ್ಕೆ ಕಳಿಸಿಬಿಡುತ್ತಾರೆ. ಊರಿನ ಬಹುಪಾಲು ಜನ ಈಗ ಅಲ್ಲೇ ವಾಸ.

ನಮ್ಮ ಕಾಕಾ ಒಬ್ಬರಿದ್ದಾರೆ. ಉಪಕಾಲುವೆಯ ಕೊನೆ ಭಾಗದಲ್ಲಿ, ಅಂದರೆ ಟೇಲ್‌ಎಂಡಿನಲ್ಲಿ, ಅವರ ಹೊಲ. ನೀರು ಬಂದರೆ ಬಂತು, ಇಲ್ಲದಿದ್ದರೆ ಕಟ್ಟೆಯ ಮೇಲೆ. ಹಾಗಾಗಿ ಮಾದರಿಯಲ್ಲಿ ಅವರು ಬೀಳದ ಸಂಶೋಧನೆಯೇ ಇಲ್ಲ. ಅರ್ಥಶಾಸ್ತ್ರದ ಪ್ರಬಂಧದಲ್ಲಿ ಅವರು ಸಣ್ಣ ಹಿಡುವಳಿದಾರ, ಸಮಾಜಶಾಸ್ತ್ರದಲ್ಲಿ ವಲಸೆ ಕುಟುಂಬದ ಯಜಮಾನ, ಜಾನಪದದಲ್ಲಿ ವಕ್ತೃ, ಸಿವಿಲ್ ಎಂಜಿನಿಯರಿಂಗಿನವರ ಪ್ರಾಜೆಕ್ಟಿನಲ್ಲಿ ನೀರಿನ ಅಂತಿಮ ಬಳಕೆದಾರ. ಜಾನಪದದವರು ಬಂದಾಗ ಹಾಡು ಕೇಳಿದರಂತೆ. ನೆನಪಾಗದೆ ಹಳೇ ಸಿನಿಮಾ ಹಾಡೊಂದನ್ನು ನಿಧಾನಕ್ಕೆ ಎಳೆದು ಹೇಳಿದರು. ಅದೀಗ ಅನುಬಂಧದಲ್ಲಿ ಅಪ್ರಕಟಿತ ಜನಪದ ಗೀತೆ.

ಒಮ್ಮೆ ಒಬ್ಬ ಹುಡುಗ ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಜಗತ್ತಿಗೆ ದಯಪಾಲಿಸಿದ ಐದು ಮೆಟ್ಟಿಲಿನ ಅಳತೆಪಟ್ಟಿ ಹಿಡಿದು ಕೂತ. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸುತಾರಾಂ ಒಪ್ಪುವುದಿಲ್ಲ.

"ನೀರಿನ ಬಗ್ಗೆ ನಿಮಗ ತೃಪ್ತಿ ಐತೇನ್ರಿ ಕಾಕಾ?"

"ಯಾವ ನೀರು ತಮ್ಮಾ? ಕುಡಿಯೂದೋ, ಕಾಲುವಿದೋ, ಕಣ್ಣಾಗಿಂದೋ?"

ಹುಡುಗ ಸ್ವಲ್ಪ ಯೋಚಿಸಿ 'ತಟಸ್ಥ'ಕ್ಕೆ ಗುರುತು ಹಾಕಿದ. ಆ ಗುರುತು ಮುಂದೆ ಕಂಪ್ಯೂಟರಿಗೆ ಹೋಗಿ, ಕೈ-ವರ್ಗ ಪರೀಕ್ಷೆಗೆ ಒಳಗಾಗಿ, 0.05 ಮಟ್ಟದಲ್ಲಿ ಮಹತ್ವ ಪಡೆದು, ತುಂಗಭದ್ರಾ ಎಡದಂಡೆಯ ರೈತರು ನೀರಿನ ವಿಚಾರದಲ್ಲಿ ನಿರ್ಲಿಪ್ತರು ಎಂಬ ಫಲಿತಾಂಶವಾಗಿ ಹೊರಬಂತು. ಇಷ್ಟು ಅಧ್ಯಾತ್ಮ ನಮ್ಮ ಮಠಗಳಿಗೂ ಸಾಧ್ಯವಾಗಿರಲಿಲ್ಲ.

ಶೀರ್ಷಿಕೆಗೂ ಒಂದು ಶಾಸ್ತ್ರವಿದೆ. ಮೊದಲು ವಿಷಯ, ಆಮೇಲೆ 'ಸಿಂಧನೂರು ತಾಲ್ಲೂಕನ್ನು ಅನುಲಕ್ಷಿಸಿ', ಕೊನೆಗೆ 'ಒಂದು ಅಧ್ಯಯನ'. ಸಿಂಧನೂರು ತೆಗೆದು ಲಿಂಗಸುಗೂರು ಹಾಕಿದರೆ ಎರಡನೆಯ ಲೇಖನ ಸಿದ್ಧ. ಮಸ್ಕಿ ಹೊಸ ತಾಲ್ಲೂಕಾಗಿ ಬೇರೆಯಾದದ್ದು ಜನರಿಗೆ ಎಷ್ಟು ಉಪಯೋಗವಾಯಿತೋ, ಸಂಶೋಧನಾ ಲೋಕಕ್ಕಂತೂ ಕೈತುಂಬ ಕೆಲಸವಾಯಿತು. ಕೊನೆಯಲ್ಲಿ ಬರುವ ಸಲಹೆಗಳನ್ನು ಯಾವ ತಾಲ್ಲೂಕಿಗೂ ಬದಲಿಸಬೇಕಿಲ್ಲ: ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು, ಜನರಲ್ಲಿ ಅರಿವು ಮೂಡಬೇಕು. ಆ ಅರಿವು ಯಾರಲ್ಲಿ ಮೂಡಬೇಕಾಗಿದೆ ಎಂಬುದರ ಬಗ್ಗೆ ನನಗೆ ನನ್ನದೇ ಅಭಿಪ್ರಾಯವಿದೆ.

ಬೆಳೆದ ಮಾಲು ಮಾರಲು ಮಾರುಕಟ್ಟೆ ಬೇಕಲ್ಲ. ಸಿಂಧನೂರಿನ ಎಪಿಎಂಸಿಯಲ್ಲಿ ತೇವಾಂಶ ನೋಡಿ ದರ ಕಡಿಯುತ್ತಾರೆ. ಅಂತರರಾಷ್ಟ್ರೀಯ ಬಹುಶಿಸ್ತೀಯ ಸಂಶೋಧನಾ ಪತ್ರಿಕೆಗಳಲ್ಲಿ ಆ ಕಿರಿಕಿರಿ ಇಲ್ಲ. ಮಾನವಿಕ, ಸಮಾಜವಿಜ್ಞಾನ, ಎಂಜಿನಿಯರಿಂಗ್, ವಾಣಿಜ್ಯ, ಯೋಗ, ಗೃಹವಿಜ್ಞಾನ ಎಲ್ಲವೂ ಒಂದೇ ಸಂಚಿಕೆಯಲ್ಲಿ. ವಚನಗಳಲ್ಲಿ ಪ್ರಜಾಪ್ರಭುತ್ವ ಮುಗಿದ ಪುಟದ ಹಿಂಬದಿಗೇ ಹಾರುಬೂದಿ ಕಾಂಕ್ರೀಟಿನ ತಾಳಿಕೆ. ಅಲ್ಲಿ ಎಲ್ಲ ಶಿಸ್ತುಗಳಿಗೂ ಜಾಗವಿದೆ, ಶಿಸ್ತಿಗೊಂದು ಬಿಟ್ಟು. ಬೆಳಿಗ್ಗೆ ಕಳಿಸಿದ ಲೇಖನಕ್ಕೆ ಸಂಜೆ ಒಪ್ಪಿಗೆ, ಶುಲ್ಕ ಕಟ್ಟಿದ ಮೇಲೆ ಬಂಗಾರದ ಅಂಚಿನ ಪ್ರಮಾಣಪತ್ರ. ತಜ್ಞರು ಪರಿಶೀಲಿಸಿದ್ದಾರೆ ಎಂಬುದರಲ್ಲಿ ಸಂಶಯ ಬೇಡ. ಹಣ ಜಮಾ ಆದದ್ದನ್ನು ಪರಿಶೀಲಿಸಲೂ ತಜ್ಞತೆ ಬೇಕು.

ಇದು ನಮ್ಮೂರಿಗಷ್ಟೇ ಬಂದ ರೋಗ ಎಂದುಕೊಂಡು ಯಾರೂ ಕೀಳರಿಮೆ ಪಡಬೇಕಿಲ್ಲ. ಜಾನ್ ಬೊಹ್ಯಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಒಂದು ನಕಲಿ ಔಷಧ ಪ್ರಬಂಧವನ್ನು 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. 2013ರಲ್ಲಿ 'ಸೈನ್ಸ್' ಪತ್ರಿಕೆ ಆ ಕತೆಯನ್ನು ಪ್ರಕಟಿಸಿತು. ನಿಜಾಮರ ಕಾಲದಲ್ಲಿ ರಾಯಚೂರು ಜಿಲ್ಲೆಯ ಕಂದಾಯ, ತಂಟೆ, ತಕರಾರು ಎಲ್ಲ ಹೈದರಾಬಾದಿಗೆ ಹೋಗುತ್ತಿದ್ದವು. ಈ ಕಾಲದ ಹೈದರಾಬಾದ್ ಈ ಪತ್ರಿಕೆಗಳ ದಂಧೆಯಲ್ಲೂ ಹಿಂದೆ ಬಿದ್ದಿಲ್ಲ: ಅಲ್ಲಿನ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ ಲೇಖಕರನ್ನು ದಾರಿ ತಪ್ಪಿಸಿತೆಂದು ಅಮೆರಿಕದ ನ್ಯಾಯಾಲಯವೊಂದು 2019ರಲ್ಲಿ 5 ಕೋಟಿ ಡಾಲರಿಗೂ ಮಿಕ್ಕಿ ಕಕ್ಕಬೇಕೆಂದು ಆದೇಶ ಮಾಡಿತು. ಅಂತರರಾಷ್ಟ್ರೀಯ ಮಟ್ಟ ಎಂದರೆ ಇದೇ.

ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಏನು ಮಾಡಿತು? ಪಟ್ಟಿ ಮಾಡಿತು. 2017ರಲ್ಲಿ ಒಪ್ಪಿತ ಪತ್ರಿಕೆಗಳ ಪಟ್ಟಿ. ಪುಣೆಯ ಸಂಶೋಧಕರ ತಂಡ ಅದರೊಳಗೆ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ 1,009 ಪತ್ರಿಕೆಗಳನ್ನು ಜಾಲಿಸಿ ನೋಡಿ, ಶೇ. 88ರಷ್ಟು ಕಳಪೆ ಎಂದು 2018ರ 'ಕರೆಂಟ್ ಸೈನ್ಸ್'ನಲ್ಲಿ ಬರೆಯಿತು. ಅದೇ ವರ್ಷ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಹೊರಗೆ ಹಾಕಲಾಯಿತು. 2019ಕ್ಕೆ 'ಕೇರ್' ಎಂಬ ಇನ್ನೊಂದು ಪಟ್ಟಿ. 2025ರ ಫೆಬ್ರುವರಿಯಲ್ಲಿ ಅದೂ ಬೇಡ, ನೀವು ನೀವೇ ನೋಡಿಕೊಳ್ಳಿ ಎಂದು ಕೈತೊಳೆದುಕೊಂಡಿತು. ಕಳೆಗೆ ಔಷಧ ಹೊಡೆದವರು ಕೊನೆಗೆ ಹೊಲವನ್ನೇ ಬೀಳು ಬಿಟ್ಟರು.

ಈ ಗದ್ದಲದಲ್ಲಿ ನಾನು ನಗಲಾರದ ಒಬ್ಬನಿದ್ದಾನೆ: ಅತಿಥಿ ಉಪನ್ಯಾಸಕ. ಅತಿಥಿ ಎಂದು ಕರೆಸಿಕೊಂಡು ವರ್ಷಾನುಗಟ್ಟಲೆ ದುಡಿಯುವ, ರಜೆಯ ತಿಂಗಳಲ್ಲಿ ಸಂಬಳವಿಲ್ಲದ ಈ ಮನುಷ್ಯ, ಮುಂದಿನ ಆಯ್ಕೆಪಟ್ಟಿಯಲ್ಲಿ ಒಂದು ಸಾಲು ಮೇಲೇರಲು ಸಾಲ ಮಾಡಿ ಪ್ರಕಟಣಾ ಶುಲ್ಕ ಕಟ್ಟುತ್ತಾನೆ. ಅವನನ್ನು ಗೇಲಿ ಮಾಡುವುದು ಸುಲಭ. ತಕ್ಕಡಿ ಹಿಡಿದು ಕೂತವರನ್ನು ಬಿಟ್ಟು ತೂಕಕ್ಕೆ ಕಲ್ಲು ಹೊತ್ತು ತಂದವನಿಗೆ ಬೈಯುವುದು ನಮ್ಮಲ್ಲಿ ಹಳೇ ರೂಢಿ.

ಆ ತಕ್ಕಡಿ ನೋಡುವಂಥದ್ದು. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ವಿಜ್ಞಾನ, ಎಂಜಿನಿಯರಿಂಗ್ ಕಡೆಯ ಒಂದು ಲೇಖನಕ್ಕೆ 8 ಅಂಕ, ಮಾನವಿಕ, ಸಮಾಜವಿಜ್ಞಾನದ ಒಂದು ಲೇಖನಕ್ಕೆ 10. ಇಬ್ಬರು ಸೇರಿ ಬರೆದರೆ ಅಂಕವನ್ನು ಹಂಚಬೇಕಿಲ್ಲ, ತಲಾ ಶೇ. 70. ಅಂದರೆ ಒಂದು ಲೇಖನ ಇಬ್ಬರ ಕೈಗೆ ಬಂದ ಕೂಡಲೇ ಶೇ. 140 ಆಗುತ್ತದೆ. ಗೊರೇಬಾಳದ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಈ ಗಣಿತ ಗೊತ್ತಿದ್ದರೆ ಸಿಂಧನೂರು ಕೋರ್ಟಿನ ಅರ್ಧ ಕೇಸು ಕಡಿಮೆಯಾಗುತ್ತಿದ್ದವು.

ಈ ತಕ್ಕಡಿಯಲ್ಲಿ ನಮ್ಮದೇ ಸೀಮೆಯ ನಿಜವಾದ ಬಹುಶಿಸ್ತೀಯ ಸಂಶೋಧನೆಯೊಂದನ್ನು ಇಟ್ಟು ನೋಡೋಣ.

1915ರಲ್ಲಿ ನಿಜಾಮ್ ಸರ್ಕಾರದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರ ಹುಡುಕುತ್ತ ಮಸ್ಕಿಗೆ ಬಂದ. ಈ ಭಾಗದಲ್ಲಿ ಬಂಗಾರ ಹುಡುಕುವುದು ಹುಚ್ಚೇನಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಅದಿರು ಮೇಲೆ ಬರುತ್ತಿದೆ. ಬೀಡನ್‌ಗೆ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರ ಕಂಡವು. ಆತ ಎಂಜಿನಿಯರ್, ಬ್ರಾಹ್ಮಿ ಓದಲು ಬರುತ್ತಿರಲಿಲ್ಲ, ಆದರೆ ಇದು ತನ್ನ ವಿಷಯವಲ್ಲ ಎಂದು ಮುಂದೆ ಹೋಗಲೂ ಇಲ್ಲ. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಓದಿದರು. ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಖ್ಯೆಯಾಗಿ ಅದು ಅಚ್ಚಾಯಿತು. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಹೇಳಿಕೊಂಡಿದ್ದ ಅರಸ ಆಗ ಗೊತ್ತಿದ್ದ ಶಾಸನಗಳ ಪೈಕಿ ಇಲ್ಲಿ ಮಾತ್ರ ತನ್ನ ಹೆಸರು ಬಿಟ್ಟುಕೊಟ್ಟಿದ್ದ: ಅಶೋಕ.

ಇದರ ಹಿಂದಿನ ಕತೆ ಇನ್ನೂ ಚೆಂದ. 1837ರಲ್ಲಿ ಬ್ರಾಹ್ಮಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕ. ಪ್ರಿಯದರ್ಶಿ ಎಂದರೆ ಸಿಂಹಳದ ಯಾವನೋ ರಾಜ ಎಂದು ಮೊದಲು ಆತ ಊಹಿಸಿದ್ದ. ಅಲ್ಲ, ಅವನು ಮೌರ್ಯ ಅಶೋಕ ಎಂದು ಪಾಲಿ ಗ್ರಂಥದಿಂದ ತೋರಿಸಿದವನು ಸಿಂಹಳದ ಸರ್ಕಾರಿ ನೌಕರ ಜಾರ್ಜ್ ಟರ್ನರ್. ಅದು ಗ್ರಂಥದ ಸಾಕ್ಷಿ. 78 ವರ್ಷಗಳ ಮೇಲೆ ಮಸ್ಕಿಯ ಬಂಡೆ ಕಲ್ಲಿನ ಸಾಕ್ಷಿ ಹೇಳಿತು. ಲೋಹ ಪರೀಕ್ಷಕ, ಗುಮಾಸ್ತಗಿರಿಯ ಅಧಿಕಾರಿ, ಬಂಗಾರದ ಎಂಜಿನಿಯರ್, ಶಾಸನ ಓದುವ ಪಂಡಿತ: ಇವರಲ್ಲಿ ಒಬ್ಬರೂ ಬಹುಶಿಸ್ತೀಯ ವಿಚಾರ ಸಂಕಿರಣದ ಕಿಟ್ ಬ್ಯಾಗ್ ಪಡೆದವರಲ್ಲ.

ಈಗ ಈ ನಾಲ್ವರನ್ನು ಸ್ಕ್ರೀನಿಂಗ್ ಕಮಿಟಿಯ ಮುಂದೆ ನಿಲ್ಲಿಸಿ. "ಮಿಸ್ಟರ್ ಬೀಡನ್, ನಿಮ್ಮ ವಿಷಯ ಗಣಿ, ಶಾಸನ ಹೇಗೆ ಬಂತು? ಸಂಬಂಧಪಟ್ಟ ಶಿಸ್ತಿನದಲ್ಲ, ಸೊನ್ನೆ." ಕೃಷ್ಣಶಾಸ್ತ್ರಿಗಳ ಓದು ಅಚ್ಚಾದ ಮಾಲೆಗೆ ಐಎಸ್‌ಎಸ್‌ಎನ್ ಸಂಖ್ಯೆ ಇಲ್ಲ, ಆ ಪದ್ಧತಿ ಹುಟ್ಟಿದ್ದೇ 1970ರ ದಶಕದಲ್ಲಿ ಎಂದು ಅವರು ವಾದಿಸಿದರೆ, "ಅದು ನಿಮ್ಮ ತೊಂದರೆ ಶಾಸ್ತ್ರಿಗಳೇ, ಮುಂದಿನವರು ಬರಲಿ." ಪ್ರಿನ್ಸೆಪ್ ಮೊದಲ ಊಹೆಯನ್ನು ತಾನೇ ತಿದ್ದಿಕೊಂಡಿದ್ದಾನೆ, ಹಾಗಾಗಿ ಹಳೇ ಲೇಖನ ವಾಪಸ್, ಕೊಟ್ಟ ಅಂಕವೂ ವಾಪಸ್.

ಅಸಲಿ ಆರೋಪಿ ಅಶೋಕ. ಮಸ್ಕಿಯ ಮಾತನ್ನೇ ಆತ ಹೆಚ್ಚು ಕಡಿಮೆ ಹಾಗೆಯೇ ರೂಪನಾಥದಲ್ಲಿ, ಸಸಾರಾಮದಲ್ಲಿ, ಬ್ರಹ್ಮಗಿರಿಯಲ್ಲಿ, ಸಿದ್ಧಾಪುರದಲ್ಲಿ, ಇಲ್ಲೇ ಪಕ್ಕದ ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಬರೆಸಿದ್ದಾನೆ. ಒಂದೇ ಲೇಖನ, ಇಷ್ಟೊಂದು ಬಂಡೆ. ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರೆ ಸಾಮ್ಯತೆ ಶೇ. 60 ದಾಟುವುದು ಖಂಡಿತ. 2018ರ ಇನ್ನೊಂದು ನಿಯಮಾವಳಿಯಂತೆ ಅದು ಮೂರನೇ ಹಂತದ ಅಪರಾಧ: ಶಾಸನ ಹಿಂಪಡೆಯಬೇಕು, ಸಾಮ್ರಾಟರ ಎರಡು ವಾರ್ಷಿಕ ವೇತನ ಬಡ್ತಿ ಕಡಿತ, ಮೂರು ವರ್ಷ ಅವರ ಕೈಕೆಳಗೆ ಸಂಶೋಧನಾ ವಿದ್ಯಾರ್ಥಿಗಳಿಲ್ಲ. ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡನ ಹೆಸರೂ ಇರುವುದರಿಂದ ಅಲ್ಲಿ ಇಬ್ಬರಿಗೂ ತಲಾ 70.

ಆದರೆ ಒಂದು ಮಾತು ನಗೆಗೆ ಸಿಗುವುದಿಲ್ಲ. ಆಗ ಗೊತ್ತಿದ್ದ ಬೇರೆಡೆಯ ಶಾಸನಗಳಿಗೆ ಹೋಲಿಸಿದರೆ ಮಸ್ಕಿಯಲ್ಲಿ ಹೊಸತೆನ್ನಲು ಇರುವುದು ಮುಖ್ಯವಾಗಿ ಆ ಹೆಸರು ಒಂದೇ. ಆ ಹೆಸರಿಗಾಗಿಯೇ ಜಗತ್ತಿನ ಇತಿಹಾಸದ ಪುಸ್ತಕಗಳಲ್ಲಿ ಮಸ್ಕಿ ಇದೆ. ನಮ್ಮ ಸಾಫ್ಟ್‌ವೇರ್ ಉಳಿದ ಭಾಗವನ್ನೆಲ್ಲ ಕೆಂಪು ಬಣ್ಣದಲ್ಲಿ ತೋರಿಸಿ, ಆ ಒಂದು ಹೆಸರನ್ನು ಬಿಳಿಯಾಗಿ ಬಿಟ್ಟು, ವರದಿಯ ಕೆಳಗೆ 'ಅಂಗೀಕಾರಾರ್ಹವಲ್ಲ' ಎಂದು ಬರೆಯುತ್ತದೆ. ಆದರೆ ಹೊಸತೇನೂ ಇಲ್ಲದ, ಪ್ರತಿ ವಾಕ್ಯವನ್ನೂ ಸಮಾನಾರ್ಥಕ ಪದ ಹಾಕಿ ತಿರುವಿದ ಪ್ರಬಂಧ ಅಪ್ಪಟ ಬಿಳುಪಾಗಿ ಪಾಸಾಗುತ್ತದೆ.

ಇಷ್ಟು ಹೊತ್ತು ಬಂಡೆಯ ಮಾತಾಯಿತು, ಇನ್ನು ಸಗಣಿಯದು. ರಾಯಚೂರು, ಬಳ್ಳಾರಿ ಕಡೆಯ ಬೂದಿಗುಡ್ಡಗಳು ಏನು ಎಂಬ ಪ್ರಶ್ನೆಗೆ ಪಂಡಿತರು ನೂರು ವರ್ಷಕ್ಕೂ ಮಿಕ್ಕಿ ಜಗಳಾಡಿದ್ದಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸುಟ್ಟ ಸಗಣಿ ಎಂದ. ಲೋಹ ಕರಗಿಸಿದ ಕುಲುಮೆಯ ಕಿಟ್ಟ ಎಂದವರೂ ಇದ್ದರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅಗೆದ ರೇಮಂಡ್ ಆಲ್ಚಿನ್ 1963ರಲ್ಲಿ ನವಶಿಲಾಯುಗದ ದನಗಾಹಿಗಳ ಬಗ್ಗೆ ಇಡೀ ಪುಸ್ತಕ ಬರೆದು ಸಗಣಿಯ ಪಕ್ಷವನ್ನು ಗೆಲ್ಲಿಸಿದ. ಸಗಣಿಯನ್ನು ಸಗಣಿ ಎಂದು ಸಾಬೀತು ಮಾಡಲು ಅವರಿಗೆ ಅಷ್ಟು ಕಾಲ ಬೇಕಾಯಿತು. ಈಗಿನ ಪತ್ರಿಕೆಗಳು ಎರಡೇ ದಿನದಲ್ಲಿ ಅದನ್ನು ಜ್ಞಾನ ಎಂದು ಸಾಬೀತು ಮಾಡಿಕೊಡುತ್ತವೆ.

ಇನ್ನು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ನಮ್ಮ ಸೀಮೆಗೆ ಬಂತು. ಎಂಜಿನಿಯರುಗಳ ನಕ್ಷೆಯಲ್ಲಿ ಬಹುಪಾಲು ಭೂಮಿಗೆ ಮಿತ ನೀರಿನ ಬೆಳೆ, ಭತ್ತಕ್ಕೆ ಸಣ್ಣ ಪಾಲು. ನಕ್ಷೆ ಕಚೇರಿಯಲ್ಲೇ ಉಳಿಯಿತು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪು ಕಟ್ಟಿದವರು ಭತ್ತ ಹಚ್ಚಿದರು, ನೋಡಿದ ನಮ್ಮವರೂ ಹಚ್ಚಿದರು. ಕಾಲುವೆಯ ಮೇಲಿನವರಿಗೆ ಸೋನಾ ಮಸೂರಿ, ಕೆಳಗಿನವರಿಗೆ ರಸ್ತೆ ತಡೆ. ಕಾಲುವೆಯಲ್ಲಿ ನೀರಿನ ಗೇಜ್ ಎಷ್ಟಿದೆ ಎಂಬುದು ಇಲ್ಲಿ ಯೋಗಕ್ಷೇಮ ವಿಚಾರಿಸುವ ಮಾತು.

ಇದನ್ನು ಸರಿಯಾಗಿ ನೋಡಿದವನು ಯಾರು? ಹಾಲೆಂಡಿನಿಂದ ಬಂದ ಪೀಟರ್ ಮೊಲ್ಲಿಂಗಾ. ಕಾಲುವೆಯ ದಂಡೆಯ ಮೇಲೆ ತಿರುಗಿ, ತೂಬುಗಳನ್ನು ಬಗ್ಗಿ ನೋಡಿ, ಗ್ಯಾಂಗ್‌ಮನ್‌ಗಳ ಜೊತೆ ಕೂತು, 1998ರಲ್ಲಿ ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧ ಒಪ್ಪಿಸಿದ. ಅದೇ ಮುಂದೆ 'ಆನ್ ದಿ ವಾಟರ್‌ಫ್ರಂಟ್' ಎಂಬ ಪುಸ್ತಕವಾಯಿತು. ಗೇಟು ಬರೀ ಕಬ್ಬಿಣವಲ್ಲ, ಅದನ್ನು ಯಾರು ಎತ್ತಿಸುತ್ತಾರೆ ಎಂಬುದರಲ್ಲಿ ಶಾಸಕರಿದ್ದಾರೆ, ಸಾಹುಕಾರರಿದ್ದಾರೆ, ಜಾತಿ ಇದೆ. ಎಂಜಿನಿಯರಿಂಗೂ ಸಮಾಜವಿಜ್ಞಾನವೂ ಒಂದೇ ತೂಬಿನಲ್ಲಿ ಹರಿಯುತ್ತವೆ ಎಂಬುದು ಅವನ ವಾದದ ಸಾರ. ಇದನ್ನು ಗೊರೇಬಾಳದ ಕಟ್ಟೆಯ ಮೇಲೆ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆದರೆ ನಮ್ಮ ಪ್ರಶ್ನಾವಳಿಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಶಾಸಕರ ಹೆಸರು ಬರುವ ಪ್ರಶ್ನೆ ಕೇಳಿದರೆ ಮುಂದಿನ ವಿಚಾರ ಸಂಕಿರಣಕ್ಕೆ ಉದ್ಘಾಟಕರನ್ನು ಎಲ್ಲಿಂದ ತರುವುದು?

ಹಾಗಂತ ಡಚ್ಚರಿಗೆ ನಾನು ಆರತಿ ಎತ್ತುತ್ತಿಲ್ಲ. ಅವನಿಗೆ ಡಾಕ್ಟರೇಟ್ ಸಿಕ್ಕಿತು, ಕಾಕಾನ ಹೊಲಕ್ಕೆ ನೀರು ಸಿಗಲಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿದೆ, ಕಾಲುವೆ ಕನ್ನಡ ಮತ್ತು ತೆಲುಗಿನಲ್ಲಿ ಹರಿಯುತ್ತದೆ. ಅಷ್ಟಾದರೂ ಆತ ಕೇಳಿದ ಪ್ರಶ್ನೆ ನಮ್ಮದು. ನಮ್ಮವರು ಕೇಳುವ ಪ್ರಶ್ನೆ ಯಾರದೆಂದು ನಮ್ಮವರಿಗೇ ಗೊತ್ತಿಲ್ಲ. ನಮ್ಮ ಸಂಶೋಧನೆಗೂ ಈ ಕಾಲುವೆಗೂ ಒಂದೇ ಜಾಯಮಾನ: ಹೆಡ್ಡಿನಲ್ಲಿ ಎಷ್ಟು ಬಿಟ್ಟೆವು ಎಂಬುದಕ್ಕೆ ಲೆಕ್ಕವಿದೆ, ಅಂಕವಿದೆ, ಬಡ್ತಿಯಿದೆ, ಕೊನೆಯ ಹೊಲಕ್ಕೆ ಏನು ಮುಟ್ಟಿತು ಎಂದು ನೋಡುವವರ ಹುದ್ದೆಯೇ ಮಂಜೂರಾಗಿಲ್ಲ. ಭತ್ತದ ಗದ್ದೆಗಳಲ್ಲಿ ನೀರು ನಿಂತು ಎರೆಭೂಮಿ ಸವಳು ಹಿಡಿಯುತ್ತಿದೆ. ಜಲಾಶಯದಲ್ಲಿ ಹೂಳು ತುಂಬಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಗಿ ಇಡೀ ಸೀಮೆ ಉಸಿರು ಹಿಡಿದು ಕೂತಿತ್ತು. ಭೂಮಿ, ಕಬ್ಬಿಣ, ದುಡ್ಡು, ರಾಜಕೀಯ, ಎಲ್ಲ ಶಾಸ್ತ್ರಗಳೂ ಒಟ್ಟಿಗೆ ಬೇಕಾದ ಕೆಲಸ ಕಣ್ಣೆದುರಿಗೇ ಬಿದ್ದಿದೆ. ಆದರೆ ಅದಕ್ಕೆ ವರ್ಷಗಳು ಬೇಕು. ನೇಮಕಾತಿ ಅರ್ಜಿಗೆ ಇರುವುದು ದಿನಗಳು.

ಮೊನ್ನೆ ಇಬ್ಬರು ಬಂದಿದ್ದರು. ಒಬ್ಬರು ಎಂಜಿನಿಯರಿಂಗ್, ಒಬ್ಬರು ಸಮಾಜಶಾಸ್ತ್ರ, ಜಂಟಿ ಲೇಖನವಂತೆ. ಕಾಕಾ ಚಹಾ ಹೇಳಿ, ಅಳತೆಪಟ್ಟಿಯ ಮೇಲೆ ಕೈಯಿಟ್ಟರು.

"ಇಬ್ಬರಿದ್ರ ತಲಾ ಎಪ್ಪತ್ತು. ಮೂರು ಮಂದಿ ಆದ್ರ?"

"ಮೊದಲನೇವ್ರಿಗೆ ಎಪ್ಪತ್ತು, ಉಳಿದವ್ರಿಗೆ ತಲಾ ಮೂವತ್ತು, ಕಾಕಾ."

"ಹಂಗಾದ್ರ ನನ್ನ ಹೆಸರೂ ಬರಕೋರಿ. ಇಷ್ಟು ವರ್ಷ ಎಲ್ಲಾರಿಗೂ ಪುಕ್ಕಟ ಹೇಳೇನಿ."

ಸಮಾಜಶಾಸ್ತ್ರದವರು ನಕ್ಕರು. ಎಂಜಿನಿಯರ್ ಮಾತ್ರ ನಿಷ್ಠಾವಂತ, ಪೆನ್ನು ತೆಗೆದು ನಮೂನೆ ತುಂಬತೊಡಗಿದರು.

"ಲೇಖಕರ ಸಂಸ್ಥೆ ಯಾವುದು ಅಂತ ಹಾಕ್ಲಿ ಕಾಕಾ?"

"ಟೇಲ್‌ಎಂಡ್ ಅಂತ ಹಾಕ್ರಿ. ಅದು ಒಂದೇ ಊರಾಗಿಲ್ಲ, ಅಂತರರಾಷ್ಟ್ರೀಯ ಐತಿ."